ಏನ್ ಮಾರಾಕತ್ತಿದ್ರೋ ತಮ್ಮಾ?

ಡೊಂಬಿವಲಿಯ ನಮ್ಮ ಸಂಘದವರು ಈ ಸಲ ನನ್ನ ತಲೆಗೆ ಒಂದು ಕೆಲಸ ಕಟ್ಟಿದರು. ಭಾನುವಾರದ ಕನ್ನಡ ಕ್ಲಾಸಿಗೆ ಬರುವ ಮಕ್ಕಳು ಮೂರಕ್ಕೆ ಇಳಿದಿದ್ದಾರೆ, ಹೀಗೇ ಆದರೆ ಕ್ಲಾಸು ಮುಚ್ಚುವುದೇ ಸರಿ ಅಂತ ಮಾತು ನಡೆದಿತ್ತು. "ನೀವು ರೇಡಿಯೋ ಜಾಹೀರಾತಿನ ಕಡೆ ಇದ್ದವರಲ್ಲವೇ? ನಮ್ಮ ಕಾಲೇಜು ಹುಡುಗರನ್ನು ಕೂಡಿಸಿ ಒಂದು ಜಾಹೀರಾತು ಮಾಡಿಸಿ. ವಾರ್ಷಿಕೋತ್ಸವದ ದಿನ ಮೈಕಿನಲ್ಲಿ ಹಾಕೋಣ, ವಾಟ್ಸಾಪಿನಲ್ಲೂ ಬಿಡೋಣ" ಅಂದರು.

ಹನ್ನೆರಡು ಜನ ಬಂದರು. ಎಲ್ಲರೂ ಇಲ್ಲೇ ಹುಟ್ಟಿ ಬೆಳೆದವರು. ಮನೆಯಲ್ಲಿ ಕನ್ನಡ ಆಡುತ್ತಾರೆ, ಆದರೆ ಓದಲು ಬರುವವರು ಇಬ್ಬರೇ. ಉಳಿದವರು ಕನ್ನಡವನ್ನು ದೇವನಾಗರಿಯಲ್ಲಿ ಬರೆದುಕೊಳ್ಳುತ್ತಾರೆ. ರೇಡಿಯೋದಲ್ಲಿ ಲಿಪಿಗೆ ಏನು ಕೆಲಸ, ಪರವಾಗಿಲ್ಲ ಅಂದೆ.

ನಾಲ್ಕು ನಾಲ್ಕು ಜನರ ಮೂರು ಗುಂಪು ಮಾಡಿದೆ. "ನಾಲ್ಕೇ ಯಾಕೆ ಅಂಕಲ್?" ಅಂತ ಒಬ್ಬಳು ಕೇಳಿದಳು. ಸರಿ, ಕತೆ ಅಲ್ಲಿಂದಲೇ ಶುರುವಾಯಿತು.

ಹಣ ಪಡೆದು ಪ್ರಸಾರ ಮಾಡಿದ ಮೊದಲ ರೇಡಿಯೋ ಜಾಹೀರಾತು ಅಂತ ಸಾಮಾನ್ಯವಾಗಿ ಹೇಳುವುದು 1922ರ ಆಗಸ್ಟ್ 28ರದ್ದು. ನ್ಯೂಯಾರ್ಕಿನ ಡಬ್ಲ್ಯುಇಎಎಫ್ ಕೇಂದ್ರದಲ್ಲಿ ಒಂದು ಕಂಪನಿ ತನ್ನ ಫ್ಲ್ಯಾಟುಗಳ ಬಗ್ಗೆ ಭಾಷಣ ಮಾಡಿಸಿತು. ಹೌದು, ಭಾಷಣ! ಹಾಡಿಲ್ಲ, ಸದ್ದಿಲ್ಲ, ಒಬ್ಬನೇ ನಿಮಿಷಗಟ್ಟಲೆ ಮಾತಾಡಿದ್ದು. ಹಾಡು ಬಂದದ್ದು ನಾಲ್ಕು ವರ್ಷದ ಮೇಲೆ. 1926ರ ಕ್ರಿಸ್‌ಮಸ್ ಹಿಂದಿನ ರಾತ್ರಿ ಮಿನಿಯಾಪೊಲಿಸ್ ಊರಿನ ಕೇಂದ್ರದಲ್ಲಿ ನಾಲ್ಕು ಗಂಡಸರು 'ವೀಟೀಸ್' ಎಂಬ ಗೋಧಿ ತಿಂಡಿಯ ಬಗ್ಗೆ ಹಾಡಿದರು. ಅವರೇನು ದೊಡ್ಡ ಗವಾಯಿಗಳಲ್ಲ. ಒಬ್ಬ ಶವಸಂಸ್ಕಾರದ ವ್ಯವಸ್ಥೆ ಮಾಡುವವನು, ಒಬ್ಬ ಕೋರ್ಟಿನ ನೌಕರ, ಒಬ್ಬ ಪ್ರೆಸ್ಸಿನವನು, ಒಬ್ಬ ವ್ಯಾಪಾರಿ. 1929ರಲ್ಲಿ ಕಂಪನಿ ಈ ತಿಂಡಿಯನ್ನೇ ನಿಲ್ಲಿಸುವ ಯೋಚನೆಯಲ್ಲಿತ್ತು. ಲೆಕ್ಕ ತೆಗೆದರೆ ಮಾರಾಟವಾದ 53,000 ಪೆಟ್ಟಿಗೆಗಳಲ್ಲಿ 30,000 ಆ ಹಾಡು ಕೇಳಿಸುತ್ತಿದ್ದ ಸೀಮೆಯಲ್ಲೇ ಹೋಗಿದ್ದವು! ತಿಂಡಿ ಉಳಿಯಿತು.

"ಅದಕ್ಕೇ ನಾಲ್ಕು ಜನ" ಅಂದೆ. ನಿಜ ಹೇಳಬೇಕೆಂದರೆ ಬೇರೆ ಕಾರಣವೂ ಇತ್ತು. ನಾಲ್ವರಿದ್ದರೆ ನಾಲ್ಕು ಕೆಲಸ: ಒಬ್ಬರು ಬರೆಯುವುದು, ಒಬ್ಬರು ದನಿ ಕೊಡುವುದು, ಒಬ್ಬರು ಸದ್ದು ಮಾಡುವುದು, ಒಬ್ಬರು ಗಡಿಯಾರ ಹಿಡಿಯುವುದು. ಐದನೆಯವನು ಬಂದರೆ ಅವನು ಬರೀ ಮೊಬೈಲು ನೋಡುತ್ತಾ ಕೂರುತ್ತಾನೆ.

ಆಮೇಲೆ ನಮ್ಮ ದೇಶದ ಕತೆ. 1952ರಲ್ಲಿ ವಾರ್ತಾ ಮಂತ್ರಿಯಾದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡೆಂದರೆ ಆಗದು. ಆಕಾಶವಾಣಿಯಲ್ಲಿ ಆ ಹಾಡುಗಳು ಹಿಂದೆ ಸರಿದವು, ಜಾಹೀರಾತಿಗಂತೂ ಅಲ್ಲಿ ಜಾಗವೇ ಇರಲಿಲ್ಲ. ಜನ ರೇಡಿಯೋ ಸಿಲೋನ್ ಕಡೆ ಹೊರಳಿದರು, ಅವರ ಹಿಂದೆಯೇ ಕಂಪನಿಗಳ ದುಡ್ಡೂ ಹೋಯಿತು. ಅದೇ ಡಿಸೆಂಬರಿನಲ್ಲಿ ಅಮೀನ್ ಸಯಾನಿಯವರ 'ಬಿನಾಕಾ ಗೀತಮಾಲಾ' ಶುರುವಾಯಿತು. ರೆಕಾರ್ಡಿಂಗ್ ಆಗುತ್ತಿದ್ದದ್ದು ನಮ್ಮ ಮುಂಬಯಿಯಲ್ಲಿ! ಟೇಪು ವಿಮಾನದಲ್ಲಿ ಕೊಲಂಬೋಕ್ಕೆ ಹೋಗಿ, ಅಲ್ಲಿಂದ ಗಾಳಿಯಲ್ಲಿ ವಾಪಸ್ಸು ನಮ್ಮ ಚಾಳುಗಳಿಗೆ ಬರುತ್ತಿತ್ತು. ಹುಡುಗರು ನಕ್ಕರು. ಆದರೆ ಒಂದು ಟೂತ್‌ಪೇಸ್ಟಿನ ಹೆಸರು ದೇಶಕ್ಕೆಲ್ಲ ಬಾಯಿಪಾಠವಾದದ್ದು ಹೀಗೆಯೇ.

ಕೊನೆಗೆ ಸರಕಾರಕ್ಕೂ ಅರಿವಾಯಿತು. 1957ರ ಅಕ್ಟೋಬರ್ 3ಕ್ಕೆ ವಿವಿಧ ಭಾರತಿ ಹುಟ್ಟಿತು. 1966ರಲ್ಲಿ ವರದಿ ಕೊಟ್ಟ ಚಂದಾ ಸಮಿತಿ ಜಾಹೀರಾತು ತೆಗೆದುಕೊಳ್ಳಿ ಅಂದಿತು. 1967ರ ನವೆಂಬರ್ 1ರಂದು ಮುಂಬಯಿ, ಪುಣೆ, ನಾಗಪುರಗಳ ವಿವಿಧ ಭಾರತಿಯಲ್ಲಿ ಜಾಹೀರಾತು ಶುರುವಾಯಿತು. 1985ರಲ್ಲಿ ಆಕಾಶವಾಣಿಯ ಮುಖ್ಯ ವಾಹಿನಿಗೂ ಬಂತು.

ನನ್ನ ಹೊಟ್ಟೆಪಾಡು ಶುರುವಾದದ್ದೂ ಈ ದಾರಿಯಲ್ಲೇ. 1974ರಲ್ಲಿ ಗದಗಿನ ಕಡೆಯಿಂದ ಬಂದ ನನಗೆ ದಾದರಿನ ಹತ್ತಿರ ಒಂದು ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು. ಅಲ್ಲಿ ಜಾಹೀರಾತು ಮೊದಲು ಹಿಂದಿಯಲ್ಲಿ ತಯಾರಾಗುತ್ತಿತ್ತು. ಆಮೇಲೆ ತಮಿಳು, ತೆಲುಗು, ಕನ್ನಡ... ಕನ್ನಡ ಬಲ್ಲವನು ಅಂತ ನನ್ನನ್ನು ಕರೆದು "ಇದನ್ನು ಮಾಡಿಕೊಡು" ಅನ್ನುತ್ತಿದ್ದರು. ನಾನು ಶಬ್ದಕ್ಕೆ ಶಬ್ದ ಇಟ್ಟು ಮಾಡಿಕೊಡುತ್ತಿದ್ದೆ. ಪ್ರತ್ಯಯ ಸೇರಿಸಿ ಉದ್ದವಾಗುವ ನಮ್ಮ ಪದಗಳು ಹತ್ತು ಸೆಕೆಂಡಿನಲ್ಲಿ ಹಿಡಿಸುತ್ತಿರಲಿಲ್ಲ. ದನಿ ಕೊಡುವವರು ಉಸಿರು ಬಿಡದೆ ಓದಿ ಮುಗಿಸುತ್ತಿದ್ದರು. ಬಿಲ್ಲು ಪಾಸಾಗುತ್ತಿತ್ತು. ಅಷ್ಟೇ.

1986ರ ದೀಪಾವಳಿಗೆ ಊರಿಗೆ ಹೋಗಿದ್ದೆ. ಬಟ್ಟೆ ಸೋಪಿನ ಒಂದು ಜಾಹೀರಾತು ನಾನೇ ಬರೆದದ್ದು ಅಂತ ಮೊದಲೇ ಕಾಗದ ಹಾಕಿದ್ದೆ. ಅಪ್ಪ ಕಟ್ಟೆಯ ಮೇಲೆ ನಾಲ್ಕು ಮಂದಿಯನ್ನು ಕೂಡಿಸಿಕೊಂಡು ಕೇಳಿದ್ದರಂತೆ. "ಭಾಳ ಛಲೋ ಇತ್ತೋ ತಮ್ಮಾ" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಮೆಲ್ಲಗೆ, "ಆದ್ರ ಏನ್ ಮಾರಾಕತ್ತಿದ್ರೋ, ಅಷ್ಟ ತಿಳೀಲಿಲ್ಲ" ಅಂದರು.

ಅವರು ತಮಾಷೆ ಮಾಡಲಿಲ್ಲ. ಮಗನ ಕನ್ನಡ ತನಗೆ ತಿಳಿಯಲಿಲ್ಲವಲ್ಲ, ತಪ್ಪು ತನ್ನದೇ ಇರಬೇಕು ಅಂದುಕೊಂಡಿದ್ದರು. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಆಮೇಲೆ ನಾನು ಹಿಂದಿ ಕಾಗದ ಓದಿ, ಮಗುಚಿಟ್ಟು, ಅಪ್ಪನಿಗೆ ಹೇಳುವಂತೆ ಬರೆಯುವುದನ್ನು ಕಲಿತೆ. ಹತ್ತು ಸೆಕೆಂಡಿಗೆ ಹದಿನೈದು ಪದ, ಹೆಚ್ಚಿಲ್ಲ. ಮಾಲಿನ ಹೆಸರು ಎರಡು ಸಲ. ಇದು ಪುಸ್ತಕದಲ್ಲಿದ್ದ ನಿಯಮವಲ್ಲ, ಅಪ್ಪ ಕಲಿಸಿದ್ದು.

2001ರ ಜುಲೈ 3ಕ್ಕೆ ಬೆಂಗಳೂರಿನಲ್ಲಿ ರೇಡಿಯೋ ಸಿಟಿ ಶುರುವಾಯಿತು, ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ. ಊರಲ್ಲೇ ಹುಟ್ಟಿದ, ಊರಿನ ಮಾತಿನ ಜಾಹೀರಾತಿಗೆ ಅಲ್ಲಿ ಇನ್ನಷ್ಟು ಜಾಗ ಸಿಕ್ಕಿತು. ದಾದರಿನಲ್ಲಿ ಕೂತು ಕನ್ನಡ ಮಾಡುವ ನನ್ನಂಥವರ ಕೆಲಸ ಕಡಿಮೆಯಾಯಿತು. ಬೇಜಾರೇನಿಲ್ಲ, ಆಗಬೇಕಾದ್ದೇ ಆಗಿತ್ತು.

ಇರಲಿ, ನಮ್ಮ ಹುಡುಗರ ಕಡೆ ಬರೋಣ. ಇಪ್ಪತ್ತು ಸೆಕೆಂಡು ಕೊಟ್ಟಿದ್ದೆ. ಮೊದಲ ಗುಂಪು ಓದಿದ್ದು ಮೂವತ್ತೊಂದು ಸೆಕೆಂಡು. "ಮಾತೃಭಾಷೆಯನ್ನು ಕಲಿಯುವುದರ ಮೂಲಕ ನಿಮ್ಮ ಮಕ್ಕಳ ಉಜ್ವಲ ಭವಿಷ್ಯವನ್ನು..." ನನ್ನ 1986ರ ಕನ್ನಡವೇ ಎದುರಿಗೆ ಬಂದು ನಿಂತ ಹಾಗಾಯಿತು! ಹಿಂದಿಯಲ್ಲಿ ಯೋಚಿಸಿ ಕನ್ನಡಕ್ಕೆ ತಂದಿದ್ದರು. ಬೈಯಲಿಲ್ಲ, ಅಪ್ಪನ ಕತೆ ಹೇಳಿದೆ. ಆಮೇಲೆ ಪರೀಕ್ಷೆ ಇಟ್ಟೆ: ಒಂದು ಗುಂಪು ಹೇಳುವಾಗ ಉಳಿದವರು ಬೆನ್ನು ತಿರುಗಿಸಿ ಕೂರಬೇಕು. ಒಂದೇ ಸಲ ಕೇಳಿ ಏನು, ಎಲ್ಲಿ, ಯಾವಾಗ ಅಂತ ಹೇಳಬೇಕು. ಹೇಳಲಾಗದಿದ್ದರೆ ತಪ್ಪು ಕೇಳಿದವರದ್ದಲ್ಲ, ಬರೆದವರದ್ದು.

ಮೂರನೆಯ ಗುಂಪಿನಲ್ಲಿ ಸದ್ದು ಮಾಡುವ ಹುಡುಗನಿಗೆ ಕನ್ನಡ ಎಲ್ಲರಿಗಿಂತ ಕಡಿಮೆ. ಅವನೇ ದಾರಿ ತೋರಿಸಿದ. ಅವರದ್ದು ಹೀಗಿತ್ತು: ಫೋನ್ ರಿಂಗಾಗುತ್ತದೆ. ಹುಬ್ಬಳ್ಳಿಯ ಅಜ್ಜಿ, "ಪುಟ್ಟಾ, ಊಟ ಆತೇನ?" "ಹಾಂ ಅಜ್ಜಿ." "ಏನ್ ಉಂಡಿ?" ಆಮೇಲೆ ಮೂರು ಸೆಕೆಂಡು ಏನೂ ಇಲ್ಲ, ಬರೀ ಫ್ಯಾನಿನ ಸದ್ದು. ಕೊನೆಗೆ ಹುಡುಗಿಯ ದನಿ: "ಅಜ್ಜಿಗೆ ಉತ್ತರ ಕೊಡೋಣ. ಕನ್ನಡ ಕ್ಲಾಸು, ಭಾನುವಾರ ಹತ್ತಕ್ಕೆ, ಸಂಘದ ಹಾಲಿನಲ್ಲಿ. ಕನ್ನಡ ಕ್ಲಾಸು."

ಹತ್ತೊಂಬತ್ತು ಸೆಕೆಂಡು. "ಆ ಮೂರು ಸೆಕೆಂಡು ನಂದೇ ಅಂಕಲ್, ಪ್ರತಿ ವಾರ ಆಗ್ತದೆ" ಅಂದ ಹುಡುಗ.

ವಾರ್ಷಿಕೋತ್ಸವದಲ್ಲಿ ಹಾಕಿದಾಗ ಆ ಮೌನದ ಹೊತ್ತಿಗೆ ಹಾಲೂ ಸುಮ್ಮನಾಯಿತು. ಮುಂದಿನ ಭಾನುವಾರ ಎಂಟು ಮಕ್ಕಳು ಬಂದಿದ್ದರು, ಮೂರು ಹಳಬರು, ಐದು ಹೊಸಬರು. ಒಬ್ಬ ಅಜ್ಜಿ ಮೊಮ್ಮಗಳ ಕೈ ಹಿಡಿದು ತಾವೇ ಕರೆತಂದಿದ್ದರು. ಹಿಂದಿನ ಬೆಂಚಿನಲ್ಲಿ ಸದ್ದಿನ ಹುಡುಗನೂ ಇದ್ದ, ಕಾಲೇಜಿನ ಬ್ಯಾಗಿನಿಂದ ಹೊಸ ಕಾಪಿ ಪುಸ್ತಕ ತೆಗೆಯುತ್ತಾ.

ಅಪ್ಪ ಇದ್ದಿದ್ದರೆ ಈ ಜಾಹೀರಾತು ಕೇಳಿಸುತ್ತಿದ್ದೆ. ಏನು ಮಾರುತ್ತಿದ್ದೇವೆ ಅಂತ ಈ ಸಲ ಅವರು ಕೇಳಬೇಕಾಗಿರಲಿಲ್ಲ.