ಫರ್ನ್‌ಹಿಲ್ ಅರಮನೆ: 1873ರ ಖರೀದಿ ಮತ್ತು ಇಲ್ಲದ ಮೇಲ್ಮಹಡಿ
(ಬೇತಮಂಗಲ ಸೀಮೆಯ ಒಂದು ಹೋಲಿಕೆಯೊಡನೆ)

1. ವ್ಯಾಪ್ತಿ

ನೀಲಗಿರಿಯ ಉದಕಮಂಡಲದಲ್ಲಿರುವ ಫರ್ನ್‌ಹಿಲ್ ಅರಮನೆ ಮೈಸೂರು ಒಡೆಯರ ಬೇಸಿಗೆಯ ಬಿಡಾರವಾಗಿದ್ದು, ಮುಂದೆ ಹೋಟೆಲಾದ ಕಟ್ಟಡ. ಇದರ ಬಗ್ಗೆ ಎರಡು ಹೇಳಿಕೆಗಳು ಮೇಲಿಂದ ಮೇಲೆ ಅಚ್ಚಾಗುತ್ತ ಬಂದಿವೆ. ಮೈಸೂರಿನ ಮಹಾರಾಜರು 1873ರಲ್ಲಿ ಇದನ್ನು 10,000 ರೂಪಾಯಿಗೆ ಕೊಂಡರೆಂಬುದು ಒಂದು. ಇಲ್ಲದ ಮೇಲ್ಮಹಡಿಯಿಂದ ಇಲ್ಲಿ ರಾತ್ರಿ ಸದ್ದು ಕೇಳಿಬಂತೆಂಬುದು ಇನ್ನೊಂದು. ಮೊದಲನೆಯದನ್ನು ಚರಿತ್ರೆಯ ಕಡೆಗೂ ಎರಡನೆಯದನ್ನು ಐತಿಹ್ಯದ ಕಡೆಗೂ ಸೇರಿಸುವುದು ವಾಡಿಕೆ. ಈ ವಿಂಗಡಣೆಗೆ ಮುನ್ನ ಎರಡನ್ನೂ ಒಂದೇ ಬಗೆಯ ಪರೀಕ್ಷೆಗೆ ಒಡ್ಡಬೇಕೆಂಬುದು ಇಲ್ಲಿನ ವಾದ.

2. ಮೊದಲ ಕಟ್ಟಡ

ಮೊದಲ ಬಂಗಲೆಯನ್ನು 1844ರಲ್ಲಿ ಕ್ಯಾಪ್ಟನ್ ಎಫ್. ಕಾಟನ್ ಕಟ್ಟಿಸಿದರೆಂಬುದು ಸಾಮಾನ್ಯವಾಗಿ ಒಪ್ಪಿತವಾದ ವಿವರ. (ಗೋದಾವರಿ ಅಣೆಕಟ್ಟಿನ ಆರ್ಥರ್ ಕಾಟನ್ ಬೇರೆ ವ್ಯಕ್ತಿ.) ಕೆತ್ತನೆಯ ಮರದ ಸೂರಂಚು, ಎರಕದ ಕಬ್ಬಿಣದ ಅಲಂಕಾರ, ಕಾಗದದ ರಚ್ಚಿನಿಂದ ಮಾಡಿದ ಚಾವಣಿಯ ನೃತ್ಯಶಾಲೆ ಇರುವ ಇಂದಿನ ಕಟ್ಟಡವನ್ನು ಆ ಬಂಗಲೆಯೊಂದಿಗೆ ಸಮೀಕರಿಸಲಾಗದು. ಆದ್ದರಿಂದ ‘1844ರ ಅರಮನೆ’ ಎಂಬ ಪ್ರಯೋಗ ಸಡಿಲವಾದುದು. ಆ ವರ್ಷ ಜಾಗಕ್ಕೆ ಸಲ್ಲುತ್ತದೆ, ಈಗ ಕಾಣುವ ಅರಮನೆಗೆ ಸಲ್ಲುವುದಿಲ್ಲ.

3. 1873: ಕೊಂಡವರು ಯಾರು?

ಹತ್ತನೆಯ ಚಾಮರಾಜೇಂದ್ರ ಒಡೆಯರು ಹುಟ್ಟಿದ್ದು 22 ಫೆಬ್ರವರಿ 1863ರಂದು. ಅವರನ್ನು ದತ್ತು ಪಡೆದಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರು 27 ಮಾರ್ಚ್ 1868ರಂದು ತೀರಿಕೊಂಡರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಬಾಲಕನಿಗೆ ಪಟ್ಟವಾಯಿತು. ಆದರೆ 1831ರಿಂದಲೂ ರಾಜ್ಯಾಡಳಿತ ಬ್ರಿಟಿಷ್ ಕಮಿಷನರ ಕೈಯಲ್ಲಿತ್ತು. ಅದು ಅರಸರಿಗೆ ಮರಳಿದ್ದು 25 ಮಾರ್ಚ್ 1881ರಂದು. 1873ರಲ್ಲಿ ಮಹಾರಾಜರಿಗೆ ಹತ್ತು ವರ್ಷ. ಆಗ ಕಮಿಷನರಾಗಿದ್ದವರು ರಿಚರ್ಡ್ ಮೀಡ್. ಬಾಲಕನ ಪಾಲಕರಾಗಿದ್ದವರು ಕರ್ನಲ್ ಜಿ. ಬಿ. ಮ್ಯಾಲೆಸನ್. ಆ ವರ್ಷ ಸರಿಯೆಂದಾದರೆ, ‘ಮಹಾರಾಜರು ಕೊಂಡರು’ ಎಂಬ ವಾಕ್ಯದ ಕರ್ತೃಪದ ತಿದ್ದುಪಡಿ ಬೇಡುತ್ತದೆ. ಖರೀದಿ ಅವರ ಹೆಸರಿನಲ್ಲಿ, ಅವರ ಪರವಾಗಿ ನಡೆದಿರಬಹುದು. ತೀರ್ಮಾನ ಅವರದಾಗಿರುವ ಸಂಭವ ತೀರ ಕಡಿಮೆ. ಬೇಸಿಗೆಗೆ ಬೆಟ್ಟ ಹತ್ತುವುದೂ ಆ ಕಾಲದ ಬ್ರಿಟಿಷ್ ಅಧಿಕಾರಿ ವರ್ಗದ ಪದ್ಧತಿಯಾಗಿತ್ತೆಂಬುದನ್ನು ಇಲ್ಲಿ ಗಮನಿಸಬೇಕು.

ಕೋಲಾರದ ಚಿನ್ನದ ಗಣಿಗಳ ಚರಿತ್ರೆ ಬಲ್ಲವರಿಗೆ 1873 ಪರಿಚಿತ ವರ್ಷ. ಗಣಿಗಾರಿಕೆಯ ಹಕ್ಕು ಕೋರಿ ಮೈಕಲ್ ಲ್ಯಾವೆಲ್ ಎಂಬವರು ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿದ್ದು ಆ ವರ್ಷವೇ. ಇಪ್ಪತ್ತು ವರ್ಷಗಳ ಗುತ್ತಿಗೆ ಮಂಜೂರಾದದ್ದು 2 ಫೆಬ್ರವರಿ 1875ರಂದು. ಈ ಮಂಜೂರಾತಿಯನ್ನೂ ಕೆಲವೊಮ್ಮೆ ‘ಮಹಾರಾಜರು ಕೊಟ್ಟದ್ದು’ ಎಂದು ಬರೆಯಲಾಗುತ್ತದೆ. ದೋಷ ಅದೇ: ಕಮಿಷನರ ಕಾಲದ ಕಡತವೊಂದಕ್ಕೆ ಅರಸರ ರುಜು ಊಹಿಸಿಕೊಳ್ಳುವುದು. ಆ ಆಡಳಿತದ ಗುರುತು ಇದೇ ಗಣಿ ಸೀಮೆಯ ಬೇತಮಂಗಲದಲ್ಲೇ ಸ್ಪಷ್ಟವಾಗಿದೆ. ಪಾಲಾರ್ ದಂಡೆಯ ಈ ಊರು 1864ರವರೆಗೆ ತಾಲ್ಲೂಕು ಕೇಂದ್ರವಾಗಿತ್ತು. ಬಳಿಕ ಕೇಂದ್ರವಾದದ್ದು ರೈಲು ದಾರಿಯ ಮೇಲಿದ್ದ ಬೌರಿಂಗ್‌ಪೇಟೆ, ಅಂದರೆ ಇಂದಿನ ಬಂಗಾರಪೇಟೆ. ಆ ಹೆಸರು ಮೀಡ್‌ಗೆ ಮುಂಚೆ ಕಮಿಷನರಾಗಿದ್ದ ಲೆವಿನ್ ಬೌರಿಂಗ್‌ರದು. ಬೇತಮಂಗಲದಿಂದ ಕಚೇರಿ ಹೋದದ್ದು, ಗಣಿಗೆ ಗುತ್ತಿಗೆ ದೊರೆತದ್ದು, ಫರ್ನ್‌ಹಿಲ್ ಮೈಸೂರಿಗೆ ಸೇರಿದ್ದು ಮೂರೂ ಒಂದೇ ಆಡಳಿತದ ಅವಧಿಗೆ ಬರುತ್ತವೆ. ಇವುಗಳ ನಡುವೆ ಇದಕ್ಕಿಂತ ಹತ್ತಿರದ ಕಾರ್ಯಕಾರಣ ಸಂಬಂಧವನ್ನು ಇಲ್ಲಿ ಸೂಚಿಸುತ್ತಿಲ್ಲ.

4. ಮೇಲ್ಮಹಡಿಯ ಕಥೆ

ಹೆಚ್ಚು ಪ್ರಚಾರದಲ್ಲಿರುವ ಪಾಠ ಹೀಗಿದೆ. ‘ರಾಜ್’ ಹಿಂದಿ ಚಿತ್ರದ ಚಿತ್ರೀಕರಣಕ್ಕೆ ಬಂದ ತಂಡ, ಹಲವು ಪಾಠಗಳ ಪ್ರಕಾರ ನೃತ್ಯ ನಿರ್ದೇಶಕಿ ಸರೋಜ್ ಖಾನ್ ಮತ್ತು ಸಂಗಡಿಗರು, ರಾತ್ರಿ ಮಲಗಿದ್ದಾಗ ಮೇಲೆ ಮೇಜು ಕುರ್ಚಿ ಎಳೆದಾಡುವ ಸದ್ದು ಕೇಳಿದರು. ಕೆಳಗೆ ಕರೆ ಮಾಡಲು ಹೋದರೆ ಫೋನ್ ಸತ್ತಿತ್ತು. ಬೆಳಿಗ್ಗೆ ದೂರಿದಾಗ ‘ಮೇಲೆ ಮಹಡಿಯೇ ಇಲ್ಲ’ ಎಂಬ ಉತ್ತರ ಬಂತು.

ಕಾಲದ ಮಟ್ಟಿಗೆ, ವಿಕ್ರಂ ಭಟ್ ನಿರ್ದೇಶನದ ಈ ಚಿತ್ರ ತೆರೆಕಂಡದ್ದು 1 ಫೆಬ್ರವರಿ 2002ರಂದು. ಆದ್ದರಿಂದ ಈ ರೂಪದಲ್ಲಿ ಕಥೆಯ ವಯಸ್ಸು ಕಾಲು ಶತಮಾನದ ಆಸುಪಾಸು. ಇದನ್ನು ‘ಅರಮನೆಯ ಪುರಾತನ ದೆವ್ವ’ ಎನ್ನಲು ಆಧಾರವಿಲ್ಲ. ಚಿತ್ರವೂ ಉದಕಮಂಡಲದಲ್ಲೇ ನಡೆಯುವ ಪ್ರೇತಕಥೆಯೇ. ತೆರೆಯ ಮೇಲಿನ ಕಥೆ ತೆರೆಯ ಹಿಂದಿನ ಕಥೆಗೆ ಬಣ್ಣ ಕೊಟ್ಟಿರುವ ಸಾಧ್ಯತೆಯನ್ನು ಕಡೆಗಣಿಸಲಾಗದು.

ಕಟ್ಟಡದ ಮಟ್ಟಿಗೆ ಅಡಚಣೆ ಇನ್ನೂ ದೊಡ್ಡದು. ಅರಮನೆಯ ಮುಖ್ಯ ಕಟ್ಟಡಕ್ಕೆ ಮೇಲಂತಸ್ತು ಇದೆ. ಹಾಗಾದರೆ ಮೂರು ಸಾಧ್ಯತೆಗಳು ಉಳಿಯುತ್ತವೆ: ತಂಡ ಮಲಗಿದ್ದು ಮೇಲಂತಸ್ತಿನಲ್ಲೇ ಇರಬಹುದು ಅಥವಾ ಒಂದೇ ಅಂತಸ್ತಿನ ಭಾಗದಲ್ಲಿರಬಹುದು, ‘ಮೇಲೆ ಯಾರೂ ಇಲ್ಲ’ ಎಂಬ ಮಾತು ಬಾಯಿಂದ ಬಾಯಿಗೆ ಸಾಗುತ್ತ ‘ಮೇಲೆ ಏನೂ ಇಲ್ಲ’ ಎಂದಾಗಿರಬಹುದು, ಇಲ್ಲವೇ ಘಟನೆಯ ಸ್ಥಳ ಬೇರೆಯೇ ಕಟ್ಟಡವಿರಬಹುದು. ಎರಡನೆಯದು ಹೆಚ್ಚು ಸಂಭವನೀಯವೆಂದು ತೋರುತ್ತದೆ. ಖಾಲಿ ಮಹಡಿಗಿಂತ ಇಲ್ಲದ ಮಹಡಿ ಕಥೆಗೆ ಹೆಚ್ಚು ಒದಗುತ್ತದೆ. ಮರದ ಹಳೆಯ ಕಟ್ಟಡ ಬೆಟ್ಟದ ರಾತ್ರಿಯ ಚಳಿಗೆ ಕುಗ್ಗಿ ಸದ್ದು ಮಾಡಬಲ್ಲದು. ಆದರೆ ಕೇಳಿದವರು ಹೇಳಿದ ಸದ್ದಿಗೆ ಅದೇ ಕಾರಣವೆನ್ನಲು ಈ ಸಾಕ್ಷ್ಯ ಸಾಲದು.

5. ಮಸ್ಸೂರಿಯ ಹೋಲಿಕೆ

1902ರಲ್ಲಿ ಆರಂಭವಾದ ಮಸ್ಸೂರಿಯ ಸವಾಯ್ ಹೋಟೆಲಿನ ಐತಿಹ್ಯ ಬೇರೆ ವರ್ಗಕ್ಕೆ ಸೇರಿದ್ದು. ಅಲ್ಲಿ 1911ರಲ್ಲಿ ಫ್ರಾನ್ಸಿಸ್ ಗಾರ್ನೆಟ್-ಆರ್ಮ್ ಎಂಬವರು ವಿಷದಿಂದ ಸತ್ತರು. ಆರೋಪ ಹೊತ್ತ ಈವಾ ಮೌಂಟ್‌ಸ್ಟೀಫನ್ ಅಲಹಾಬಾದಿನ ವಿಚಾರಣೆಯಲ್ಲಿ ಬಿಡುಗಡೆಯಾದರು. ಗಾರ್ನೆಟ್-ಆರ್ಮ್ ಅವರದೆನ್ನುವ ಅಲ್ಲಿನ ದೆವ್ವಕ್ಕೆ ಹೆಸರು, ವರ್ಷ, ಮೊಕದ್ದಮೆ ಮೂರೂ ಇವೆ. ಫರ್ನ್‌ಹಿಲ್ ಕಥೆಯಲ್ಲಿ ಸತ್ತವರೇ ಇಲ್ಲ. ಇರುವುದು ಸದ್ದು ಮತ್ತು ಕೇಳಿದವರು ಮಾತ್ರ.

6. ಹೆಸರಿನ ವ್ಯಾಪ್ತಿ

ಫರ್ನ್‌ಹಿಲ್ ಒಂದು ಬಡಾವಣೆಯೂ ಹೌದು. 1908ರಲ್ಲಿ ಕೂನೂರಿನಿಂದ ಉದಕಮಂಡಲಕ್ಕೆ ಮುಂದುವರಿದ ನೀಲಗಿರಿ ರೈಲು ದಾರಿಯಲ್ಲಿ ಲವ್‌ಡೇಲ್ ದಾಟಿದ ಮೇಲೆ ಇದೇ ಹೆಸರಿನ ನಿಲ್ದಾಣ ಬಂತು. ಆದ್ದರಿಂದ ‘ಫರ್ನ್‌ಹಿಲ್‌ನಲ್ಲಿ’ ಎಂದಷ್ಟೇ ಹೇಳುವ ಯಾವುದೇ ಪಾಠವನ್ನು, ಕೋಣೆಯ ಅಥವಾ ಕಟ್ಟಡದ ವಿವರ ಸಿಗದೆ, ಅರಮನೆಯ ಲೆಕ್ಕಕ್ಕೆ ಬರೆಯುವಂತಿಲ್ಲ. ಮೇಲಿನ ಮೂರನೆಯ ಸಾಧ್ಯತೆಯನ್ನು ಕೈಬಿಡದೆ ಉಳಿಸಿರುವುದು ಈ ಕಾರಣಕ್ಕೆ.