ಸಾಲ ಎಷ್ಟು ಅನ್ನೋದಲ್ಲ, ಸಾಲ ಏನು ಮಾಡ್ತು ಅನ್ನೋದು

ಬಜೆಟ್ ದಿನ ಒಂದು ಮಾತು ಕೇಳೇ ಇರ್ತೀರ: ವಿತ್ತೀಯ ಕೊರತೆ ಜಿಡಿಪಿಯ ಇಷ್ಟು ಪರ್ಸೆಂಟ್. ಸಾಲ ಬಿಟ್ಟು ಸರ್ಕಾರಕ್ಕೆ ಬಂದ ದುಡ್ಡಿಗಿಂತ ಖರ್ಚು ಎಷ್ಟು ಹೆಚ್ಚು, ಅದೇ ಕೊರತೆ. ಅದನ್ನ ಪರ್ಸೆಂಟಲ್ಲಿ ಯಾಕೆ ಹೇಳ್ತಾರೆ? 2 ಲಕ್ಷ ಸಾಲ ಅರ್ಧ ಎಕರೆಯವನಿಗೆ ಕುತ್ತಿಗೆಗೆ ಬರುತ್ತೆ, ಹತ್ತು ಎಕರೆ ಗದ್ದೆಯವನಿಗೆ ಅಷ್ಟಲ್ಲ. ದೇಶದ ಲೆಕ್ಕಾನೂ ಹಂಗೇ. ಇವತ್ತು ಇದನ್ನ ನಮ್ಮ ಮಂಡ್ಯದಿಂದಲೇ ನೋಡೋಣ.

1876–78ರ ಬರಗಾಲ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷ ದಾಟಿತ್ತು. 1881ರಲ್ಲಿ ಸುಮಾರು 42 ಲಕ್ಷ. ಅದೇ 1881ರಲ್ಲಿ ಬ್ರಿಟಿಷರು ಒಡೆಯರಿಗೆ ರಾಜ್ಯ ವಾಪಸ್ ಕೊಟ್ಟಾಗ, ಜೊತೆಗೆ 80 ಲಕ್ಷ ರೂಪಾಯಿ ಸಾಲಾನೂ ಬಂತು. ಅದರ ಮೇಲೆ ವರ್ಷವರ್ಷ ಪೊಗದಿ. ಮೊದಲು 24.5 ಲಕ್ಷ, 1896ರಿಂದ 35 ಲಕ್ಷ. ಈ ದುಡ್ಡಿಂದ ಇಲ್ಲಿ ಒಂದು ಕೆರೆ ಏರಿನೂ ಏಳಲಿಲ್ಲ.

ಈಗ ಇನ್ನೊಂದು ಥರದ ಖರ್ಚು. 1902ರಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯ್ತು. ಗಣಿ ಕಂಪನಿಗಳು ಕರೆಂಟಿಗೆ ದುಡ್ಡು ಕಟ್ಟಿದ್ವು, ಹಾಕಿದ ಬಂಡವಾಳ ಆದಾಯ ಆಯ್ತು.

ಆಮೇಲೆ ಕನ್ನಂಬಾಡಿ. ವಿಶ್ವೇಶ್ವರಯ್ಯನವರ ಯೋಜನೆಗೆ ಸಂಸ್ಥಾನದ ಹಣಕಾಸು ಇಲಾಖೆಯೇ ಅಡ್ಡ ನಿಂತಿತ್ತು. ಅಷ್ಟು ಕರೆಂಟ್ ಯಾರು ಬಳಸ್ತಾರೆ ಅನ್ನೋದು ಅವರ ಅನುಮಾನ. ಕೊನೆಗೆ 1911ರ ಅಕ್ಟೋಬರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು 81 ಲಕ್ಷಕ್ಕೆ ಒಪ್ಪಿಗೆ ಕೊಟ್ರು. ಕಟ್ಟೆ ಮುಗಿಯೋಕೆ ಸುಮಾರು 20 ವರ್ಷ. ಆಗ ಜಿಡಿಪಿ ಲೆಕ್ಕ ಹಾಕೋರೂ ಇರಲಿಲ್ಲ. ಆದರೆ ನಾಲೆ ನೀರು ಬಂದ ಮೇಲೆ ರಾಗಿ ಹೊಲ ಕಬ್ಬಿನ ಗದ್ದೆ ಆಯ್ತು, 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಹುಟ್ಟಿತು. ಅಂದ್ರೆ ಭಾಗಿಸೋ ಸಂಖ್ಯೆನೇ ದೊಡ್ಡದಾಯ್ತು. ಆರ್ಥಿಕತೆ ಬೆಳೆದ್ರೆ ಅದೇ ಸಾಲದ ಪರ್ಸೆಂಟ್ ತಾನಾಗೇ ಇಳಿಯುತ್ತೆ.

ಹಾಗಂತ ಕಟ್ಟಿದ್ದೆಲ್ಲ ಲಾಭ ಅನ್ನಬೇಡಿ. ಮದ್ದೂರು, ಮಳವಳ್ಳಿಯ ಕೊನೆಭಾಗದ ರೈತರು ಇವತ್ತಿಗೂ ನಾಲೆ ನೀರಿಗೆ ಕಾಯ್ತಾರೆ. ಮೈಷುಗರ್ ಕಾರ್ಖಾನೆ ನಷ್ಟದಲ್ಲಿ ಬಾಗಿಲು ಹಾಕಿ, ಸರ್ಕಾರದ ದುಡ್ಡಲ್ಲಿ ಮತ್ತೆ ಶುರುವಾಯ್ತು. ಆಸ್ತಿ ನೋಡಿಕೊಳ್ಳದಿದ್ರೆ ಅದೂ ಖರ್ಚಿನ ಬಾಬ್ತೇ.

ಕರ್ನಾಟಕ 2002ರಲ್ಲಿ, ಕೇಂದ್ರ 2003ರಲ್ಲಿ ಕೊರತೆಗೆ ಕಡಿವಾಣ ಹಾಕೋ ಕಾನೂನು ಮಾಡಿದ್ವು. ಗುರಿ 3 ಪರ್ಸೆಂಟ್. ಕೋವಿಡ್ ವರ್ಷದಲ್ಲಿ ಕೇಂದ್ರದ ಕೊರತೆ 9 ಪರ್ಸೆಂಟ್ ದಾಟಿತು. ಆದರೆ ಆ ದುಡ್ಡು ಪೊಗದಿ ಥರ ಹೋಯ್ತಾ, ನಾಲೆ ಥರ ಹರೀತಾ ಅಂತ ಪರ್ಸೆಂಟ್ ಒಂದೇ ಹೇಳಲ್ಲ. ಮುಂದಿನ ಬಜೆಟ್ಟಲ್ಲಿ ಎರಡು ಸಾಲು ಹುಡುಕಿ: ಬಡ್ಡಿಗೆ ಎಷ್ಟು, ಬಂಡವಾಳ ವೆಚ್ಚಕ್ಕೆ ಎಷ್ಟು. ಸಿಗೋಣ.