ಪಾರಸಿಕರ ಮೂಲಪುರುಷ ಯಾರು?

ಪ್ರವಾದಿ ನೂಹ್(ಅ)ರ ಕಾಲದ ಪ್ರಳಯದ ಬಳಿಕ ಅವರ ಮಕ್ಕಳಾದ ಸಾಮ್, ಹಾಮ್ ಮತ್ತು ಯಾಫಿಸ್‌ರಿಂದಲೇ ಜಗತ್ತಿನ ಎಲ್ಲ ಜನಾಂಗಗಳು ಹುಟ್ಟಿಕೊಂಡವೆಂದು ಯಹೂದಿ, ಕ್ರೈಸ್ತ ಮತ್ತು ಮುಸ್ಲಿಮ್ ಇತಿಹಾಸಕಾರರು ಶತಮಾನಗಳ ಕಾಲ ಬರೆಯುತ್ತ ಬಂದರು. ಅರಬರೂ ಯಹೂದಿಯರೂ ಸಾಮ್‌ನ ಸಂತತಿಯೆಂಬ ಬಗ್ಗೆ ಅವರಲ್ಲಿ ತಕರಾರಿರಲಿಲ್ಲ. ತಕರಾರು ಎದ್ದದ್ದು ಪಾರಸಿಕರ ವಿಷಯದಲ್ಲಿ. ಭಾರತದ ಗಡಿಯಿಂದ ಈಜಿಪ್ಟ್‌ವರೆಗೆ ಆಳಿದ ಈ ಜನ ಯಾರ ಮಕ್ಕಳು?

ಬೈಬಲ್‌ನ ಆದಿಕಾಂಡದ 10ನೇ ಅಧ್ಯಾಯದಲ್ಲಿ ಜನಾಂಗಗಳ ಉದ್ದನೆಯ ಪಟ್ಟಿಯೇ ಇದೆ. ಅದರಲ್ಲಿ ಪಾರಸಿಕರ ಹೆಸರಿಲ್ಲ. ಇರುವುದು ಅವರ ನೆರೆಯ ಎರಡು ಹೆಸರುಗಳು. ಮೇದ್ಯರ ಮೂಲಪುರುಷ ಮಾದಯನು ಯಾಫಿಸ್‌ನ ಮಗ, ಏಲಾಮನು ಸಾಮ್‌ನ ಮಗ. ಪಾರಸಿಕರು ಕಾಣಿಸಿಕೊಳ್ಳುವುದು ಯೆಹೆಜ್ಕೇಲ, ದಾನಿಯೇಲ, ಎಜ್ರ, ಎಸ್ತೇರಳ ಗ್ರಂಥಗಳಲ್ಲಿ. ಅಲ್ಲಿ ಅವರ ಸೇನೆ, ಸಾಮ್ರಾಜ್ಯಗಳ ಮಾತಿದೆ, ವಂಶದ ಮಾತಿಲ್ಲ. ಪವಿತ್ರ ಕುರ್‌ಆನ್ ಸೂರಃ ಅಲ್‌ಹಜ್ಜ್‌ನಲ್ಲಿ ಮಜೂಸಿಗಳನ್ನು ಒಮ್ಮೆ ಹೆಸರಿಸುತ್ತದೆ. ಸೂರಃ ಅರ್ರೂಮ್‌ನಲ್ಲಿ ರೋಮನರ ಸೋಲಿನ ಪ್ರಸ್ತಾಪವಿದ್ದರೂ ಗೆದ್ದವರ ಹೆಸರಿಲ್ಲ. ಅವರ ಪೂರ್ವಜರಾರೆಂದು ಕುರ್‌ಆನ್ ಎಲ್ಲೂ ಹೇಳುವುದಿಲ್ಲ. ಸೂರಃ ಅಲ್‌ಕಹ್ಫ್‌ನ ದುಲ್‌ಕರ್‌ನೈನ್ ಪಾರಸಿಕ ದೊರೆ ಸೈರಸ್ಸನೇ ಎಂದು ಮೌಲಾನಾ ಅಬುಲ್ ಕಲಾಮ್ ಆಝಾದ್ ‘ತರ್ಜುಮಾನುಲ್ ಕುರ್‌ಆನ್’ನಲ್ಲಿ ವಾದಿಸಿದರು. ದಾನಿಯೇಲನ ದರ್ಶನದ ಎರಡು ಕೊಂಬಿನ ಟಗರು ಅವರಿಗೊಂದು ಆಧಾರ. ಅದು ಬೇರೆಯೇ ಚರ್ಚೆ.

ಪಾರಸಿಕರು ತಮ್ಮ ಬಗ್ಗೆ ಏನು ಹೇಳಿಕೊಂಡರು? ಸೈರಸ್ (ಕನ್ನಡ ಬೈಬಲ್‌ನ ಕೋರೆಷ) ಕ್ರಿ.ಪೂ. 539ರಲ್ಲಿ ಬಾಬಿಲೋನನ್ನು ಗೆದ್ದ ಬಳಿಕ ಬರೆಸಿದ ಮಣ್ಣಿನ ಉರುಳೆಯೊಂದು 1879ರಲ್ಲಿ ಅಲ್ಲಿಯೇ ಸಿಕ್ಕಿತು. ಅದರಲ್ಲಿ ಆತ ತನ್ನ ತಂದೆ, ಅಜ್ಜ, ಮುತ್ತಜ್ಜರನ್ನು ಅನ್ಶಾನ್‌ನ ಅರಸರೆಂದು ಕರೆಯುತ್ತಾನೆ. ಪಾರಸಿಕ ಎಂಬ ಪದವೇ ಇಲ್ಲ. ಅನ್ಶಾನ್ ಏಲಾಮರ ಪುರಾತನ ನಗರ, ಇಂದಿನ ಫಾರ್ಸ್ ಪ್ರಾಂತದಲ್ಲೇ ಇತ್ತು. ಕ್ರಿ.ಪೂ. 522ರಲ್ಲಿ ಸಿಂಹಾಸನವೇರಿದ ದಾರಿಯಸ್ ಬೇರೆ ರಾಗ ತೆಗೆದ. ಬಿಸುತೂನ್ ಬಂಡೆಯ ಮೇಲೆ ತನ್ನ ವಂಶವನ್ನು ಅಖಮನೀಶ್ ಎಂಬ ಮೂಲಪುರುಷನವರೆಗೆ ಒಯ್ದ. ನಖ್ಶೆ ರುಸ್ತುಮ್‌ನಲ್ಲಿ ತಾನು ಪಾರಸಿಕ, ಆರ್ಯ ಎಂದು ಕೆತ್ತಿಸಿದ. ಸೈರಸ್ಸನ ಉರುಳೆಯಲ್ಲಿ ಅಖಮನೀಶನ ಸುಳಿವೇ ಇಲ್ಲದಿರುವುದರಿಂದ, ಸಿಂಹಾಸನದ ಹಕ್ಕು ಸ್ಥಾಪಿಸಲು ದಾರಿಯಸ್ ಈ ಹಿರಿಯನನ್ನು ಹುಡುಕಿಕೊಂಡನೆಂದು ಹಲವು ವಿದ್ವಾಂಸರ ಅನುಮಾನ. ನನಗೂ ಅದೇ ಸರಿಯೆನಿಸುತ್ತದೆ.

ಭಾಷೆಯ ಸಾಕ್ಷ್ಯ ದಾರಿಯಸ್ಸನ ಪರವಾಗಿದೆ. ಪ್ರಾಚೀನ ಪಾರಸಿಕ ಭಾಷೆ, ಅವೆಸ್ತಾದ ಭಾಷೆ ಮತ್ತು ಸಂಸ್ಕೃತ ಒಂದೇ ಕುಟುಂಬದವು. ಸಂಸ್ಕೃತದ ‘ಸೋಮ’ ಅಲ್ಲಿ ‘ಹಓಮ’, ‘ಸಪ್ತ’ ಅಲ್ಲಿ ‘ಹಪ್ತ’. ನಮ್ಮ ಪೇಟೆಗಳ ಕುಖ್ಯಾತ ‘ಹಫ್ತಾ’ ಸಪ್ತಾಹದ ದಾಯಾದಿಯೇ! ಆದರೆ ದಾರಿಯಸ್ಸನ ಅರಮನೆಯ ಗುಮಾಸ್ತರು ಲೆಕ್ಕ ಬರೆದದ್ದು ಹೆಚ್ಚಾಗಿ ಏಲಾಮ್ ಭಾಷೆಯಲ್ಲಿ. 1933-34ರಲ್ಲಿ ಪರ್ಸೆಪೊಲಿಸ್‌ನಲ್ಲಿ ಅಂಥ ಸಾವಿರಾರು ಮಣ್ಣಿನ ಫಲಕಗಳು ದೊರೆತವು. ಏಲಾಮ್ ಭಾಷೆ ಅರಬಿಯ ಬಳಗಕ್ಕೂ ಸೇರದು, ಸಂಸ್ಕೃತದ ಬಳಗಕ್ಕೂ ಸೇರದು. ಅದು ದ್ರಾವಿಡ ಭಾಷೆಗಳ, ಅಂದರೆ ಕನ್ನಡದ ದೂರದ ನಂಟ ಎಂದು ಡೇವಿಡ್ ಮೆಕಾಲ್ಪಿನ್ ಎಂಬ ವಿದ್ವಾಂಸರು ವಾದಿಸಿದ್ದುಂಟು. ಹೆಚ್ಚಿನವರು ಒಪ್ಪಿಲ್ಲ. ಅಂತೂ ಮಾತಿನಲ್ಲಿ ಮೇದ್ಯರ ಬಂಧುಗಳಾಗಿದ್ದವರು ಏಲಾಮರ ನೆಲದಲ್ಲಿ ಅವರೊಡನೆ ಬೆರೆತೇ ಪಾರಸಿಕರಾದರು. ಆದಿಕಾಂಡ ಎರಡು ಕವಲುಗಳಲ್ಲಿ ಇರಿಸಿದ ಹೆಸರುಗಳು ಇಲ್ಲಿ ಒಂದೇ ಅಂಗಳದಲ್ಲಿ ಸಿಗುತ್ತವೆ.

ಈ ಶಾಸನಗಳನ್ನು ಓದುವ ವಿದ್ಯೆ ಮತ್ತೆ ಕೈಗೆ ಬಂದದ್ದು 19ನೇ ಶತಮಾನದಲ್ಲಿ. ಅದಕ್ಕೆ ಸುಮಾರು ಸಾವಿರ ವರ್ಷ ಮೊದಲು ಬಗ್ದಾದ್‌ನಲ್ಲಿ ಕುಳಿತು ಇತಿಹಾಸ ಬರೆದ ಇಮಾಮ್ ತಬರಿಯ (ಕ್ರಿ.ಶ. 839-923) ಮುಂದೆ ಇದ್ದುದು ಜನರ ಹೇಳಿಕೆಗಳು ಮಾತ್ರ. ಅವರಿಗೊಂದು ತೊಡಕಿತ್ತು. ಮಜೂಸಿಗಳು ನೂಹ್‌ರನ್ನಾಗಲಿ ಪ್ರಳಯವನ್ನಾಗಲಿ ಅರಿಯರು. ತಮ್ಮ ಅರಸರ ಪರಂಪರೆ ಕಯೂಮರ್ಸ್‌ನಿಂದ ಕಡಿಯದೆ ಬಂದಿದೆ ಎನ್ನುತ್ತಿದ್ದರು. ಈ ಕಯೂಮರ್ಸ್ ಆದಮ್(ಅ) ಎಂದು ಕೆಲವರು, ಯಾಫಿಸ್‌ನ ಮಗನೆಂದು ಕೆಲವರು. ತಬರಿ ಯಾವುದನ್ನೂ ಅಳಿಸದೆ ಎಲ್ಲವನ್ನೂ ದಾಖಲಿಸಿದರು.

ಇದಕ್ಕಿಂತ ಸ್ವಾರಸ್ಯಕರವಾದ ಇನ್ನೊಂದು ವಾದವಿತ್ತು. ಪಾರಸಿಕರು ಪ್ರವಾದಿ ಇಬ್ರಾಹೀಮ್(ಅ)ರ ಪುತ್ರ ಇಸ್‌ಹಾಕ್(ಅ)ರ ಸಂತತಿ! ಉಮಯ್ಯಾ ಕಾಲದ ಕವಿ ಜರೀರ್ ಇದನ್ನು ಹಾಡಿದ. ಉತ್ತರದ ಅರಬರು ಇಸ್ಮಾಯೀಲ್(ಅ)ರ ಮಕ್ಕಳು. ಹಾಗಾದರೆ ಕಿಸ್ರಾನ ಜನ ಅವರ ದೊಡ್ಡಪ್ಪ-ಚಿಕ್ಕಪ್ಪನ ಮಕ್ಕಳಾಗುತ್ತಾರೆ. ಯಮನಿ ಅರಬರೆದುರು ಮೆರೆಯಲು ಈ ನೆಂಟಸ್ತಿಕೆ ಒದಗಿತೆಂದು ಮಸ್‌ಊದಿ (ನಿಧನ ಕ್ರಿ.ಶ. 956) ಬರೆಯುತ್ತಾರೆ. ಪಾರಸಿಕರ ಪೂರ್ವಜರು ಇಬ್ರಾಹೀಮರ ಗೌರವಾರ್ಥ ಕಅಬಾಕ್ಕೆ ಬರುತ್ತಿದ್ದರೆಂಬ ಕಥೆಯನ್ನೂ ಅವರು ಹೇಳಿದ್ದಾರೆ. ಇತಿಹಾಸವಾಗಿ ಇದು ನಿಲ್ಲದು. ಹೊಸದಾಗಿ ಮುಸ್ಲಿಮರಾದ ಒಂದು ದೊಡ್ಡ ಜನಸಮೂಹಕ್ಕೆ ಪ್ರವಾದಿಗಳ ಮನೆಯಲ್ಲಿ ಜಾಗ ಮಾಡಿಕೊಡುವ ಕೆಲಸವನ್ನು ಅದು ಮಾಡಿತು.

ಆದರೆ ಅದೇ ಕಥೆ ಕತ್ತಿಯೂ ಆಯಿತು. ಮನುಷ್ಯರನ್ನು ಜನಾಂಗ, ಗೋತ್ರಗಳಾಗಿ ಮಾಡಿದ್ದು ಪರಸ್ಪರ ಅರಿಯಲಿಕ್ಕೆಂದು ಹೇಳುವ ಸೂರಃ ಅಲ್‌ಹುಜುರಾತ್‌ನ ‘ಶುಊಬ್’ ಪದದಿಂದಲೇ ‘ಶುಊಬಿಯ್ಯಾ’ ಚಳವಳಿಗೆ ಹೆಸರು ಬಂತು. ಅರಬರೂ ಅರಬೇತರರೂ ಸಮಾನರೆಂಬುದು ಅದರ ನ್ಯಾಯವಾದ ಬೇಡಿಕೆ. ಬರಬರುತ್ತ ಕೆಲವರು, ನಾವು ಸ್ವತಂತ್ರ ಸ್ತ್ರೀ ಸಾರಾರ ಮಕ್ಕಳು, ಅರಬರು ದಾಸಿ ಹಾಜರಾರ ಮಕ್ಕಳು ಎಂದು ಹಂಗಿಸತೊಡಗಿದರು. ಇದಕ್ಕೆ ಖಾರವಾಗಿ ಉತ್ತರಿಸಿ ಹಾಜರಾರ ಮಾನ ಕಾದವರು ಇಬ್ನು ಕುತೈಬಾ (ನಿಧನ ಕ್ರಿ.ಶ. 889). ಅವರು ಸ್ವತಃ ಖುರಾಸಾನ್ ಮೂಲದ ಅರಬೇತರ ಮನೆತನದವರು.

ಇಷ್ಟೆಲ್ಲ ವಂಶಾವಳಿಗಳನ್ನು ಕಲೆಹಾಕಿದ ತಬರಿ ಕ್ಯಾಸ್ಪಿಯನ್ ತೀರದ ತಬರಿಸ್ತಾನದವರು. ಅವರು ಅರಬರೋ ಪಾರಸಿಕರೋ ಎಂದು ಇಂದಿಗೂ ಚರ್ಚೆಯಿದೆ. ಒಮ್ಮೆ ಒಬ್ಬರು ಅವರ ವಂಶದ ಬಗ್ಗೆ ವಿಚಾರಿಸಿದಾಗ, ಕುಲದ ಹೆಮ್ಮೆಯನ್ನು ಹಗುರಗೊಳಿಸುವ ಕವಿ ರೂಬಾನ ಒಂದು ಪದ್ಯವನ್ನು ಉತ್ತರವಾಗಿ ಹೇಳಿದರೆಂದು ಅವರ ಜೀವನಚರಿತ್ರೆಯಲ್ಲಿದೆ.